ಹಾಲಿನ ಕುದುರೆ

ಕೊನುಮಾಯೆ ಸತ್ತ ಮೇಲೆ ಮರಳುಗಾಡಿನ ಅಂಚಿನ ನಮ್ಮ ಚಡೋತದ ಜನಕ್ಕೆ ಅವಳ ಮೇಲೆ ಎಲ್ಲಿಲ್ಲದ ಕರುಣೆ ಉಕ್ಕಿದೆ. ದ್ರಾಕ್ಷಿ ತುಳಿಯುವ ತೊಟ್ಟಿಯ ಹತ್ತಿರ ಹೋದರೂ ಅದೇ ಮಾತು, ಕಾಲುವೆಯ ಏರಿಯ ಮೇಲೆ ಕೂತರೂ ಅದೇ ಮಾತು. ಬದುಕಿದ್ದಾಗ ಅವಳನ್ನು ಆಡಿಕೊಂಡು ನಕ್ಕವರೂ ಇವರೇ, ಅಧಿಕಾರಿಯ ಮುಂದೆ ಅವಳ ವಿರುದ್ಧ ಸಾಕ್ಷಿ ನುಡಿದವರೂ ಇವರೇ. ಕೇಳಿದರೆ ಮೈ ಉರಿಯುತ್ತದೆ. ನಾನೂ ಸಾಚಾ ಅಲ್ಲ, ಬಹುಶಃ ಅದಕ್ಕೇ ಇಷ್ಟು ಉರಿ. ನನ್ನ ಹೆಸರು ಚಿಮೋಲ, ಇಪ್ಪತ್ತೆಂಟು ವರ್ಷ ಒಂಟೆಸಾಹುಕಾರ ಕುಂಗೇಯನ ಲಾಯದಲ್ಲಿ ಕುದುರೆ ನೋಡಿಕೊಂಡವನು. ಕೊನುಮಾಯೆಯ ಬಾಳು ಕೆಡುವುದಕ್ಕೆ ಅವಳ ಬಾಯಿ ಎಷ್ಟು ಕಾರಣವೋ ನನ್ನ ಕೈಯೂ ಅಷ್ಟೇ ಕಾರಣ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಅವಳದು ದಪ್ಪ ಮೂಳೆಯ ಎತ್ತರದ ಮೈ, ಅದಕ್ಕೆ ತಕ್ಕ ದನಿ. ಹೊಳೆ ಮರಳಿನಲ್ಲಿ ಇಂಗಿಹೋಗುವ ಕಡೆ ಅಪ್ಪನಿಂದ ಬಂದ ಆರು ಸಾಲು ದ್ರಾಕ್ಷಿಬಳ್ಳಿ ಅವಳಿಗಿತ್ತು. ಅದು ಸಾಲದೆ ಕಂಡವರ ಅಂಗಳದಲ್ಲಿ ಉಣ್ಣೆ ಬಡಿದು ಕಂಬಳಿ ಮಾಡಿಕೊಡುತ್ತಿದ್ದಳು. ಗಂಡ ಖೋಟಾನಿನ ದಾರಿಯಲ್ಲಿ ಸಾಹುಕಾರರ ಒಂಟೆ ಹೊಡೆಯುತ್ತಿದ್ದ. ಒಂದು ಚಳಿಗಾಲ ಬೆಟ್ಟದಿಂದಿಳಿದ ಸುಪಿಯರೆಂಬ ಕಳ್ಳರು ಒಂಟೆಗಳನ್ನು ಹೊಡೆದುಕೊಂಡು ಹೋದರು. ಆಳುಗಳನ್ನು ಕೊಂದು ಹಾಕಿದರು. ಆಗ ಕೊನುಮಾಯೆ ಏಳು ತಿಂಗಳ ಬಸುರಿ. ಮನೆಯಲ್ಲಿ ಕಣ್ಣು ಕಾಣದ ಅತ್ತೆ ಬಿಟ್ಟರೆ ಯಾರೂ ಇರಲಿಲ್ಲ. ಹೆಣ್ಣು ಹುಟ್ಟಿತು.

ಕುಂಗೇಯನ ಹೆಂಡತಿ ತ್ಸಿನಾಯೆ ಅವಳ ಬಾಲ್ಯದ ಗೆಳತಿ. ಒಬ್ಬಳು ದೊಡ್ಡಮನೆ ಸೇರಿದಳು, ಇನ್ನೊಬ್ಬಳು ಉಣ್ಣೆ ಬಡಿದಳು, ಆದರೂ ಗೆಳೆತನ ಮಾಸಿರಲಿಲ್ಲ. ತ್ಸಿನಾಯೆಗೆ ಮದುವೆಯಾಗಿ ಹನ್ನೊಂದು ವರ್ಷವಾದರೂ ಮಕ್ಕಳಿರಲಿಲ್ಲ. ಸ್ತೂಪ ಸುತ್ತಿ ಸುತ್ತಿ ಅವಳ ಪಾದದ ಚರ್ಮ ಬಿರಿದಿತ್ತು. ಎಂಟು ತಿಂಗಳು ಹೇಗೋ ಹಾಲೂಡಿಸಿದ ಕೊನುಮಾಯೆ, ಮನೆಯಲ್ಲಿ ಜವೆಯ ಹಿಟ್ಟೂ ಮುಗಿದ ಮೇಲೆ, ಮಗುವನ್ನು ಎತ್ತಿಕೊಂಡು ಹೋಗಿ ಗೆಳತಿಯ ಮಡಿಲಲ್ಲಿ ಹಾಕಿದಳು. ರಮಶ್ರೀ ಅಂತ ಹೆಸರಿಟ್ಟದ್ದು ತ್ಸಿನಾಯೆ.

ನಮ್ಮಲ್ಲಿ ಬೇರೆಯವರ ಮಗುವನ್ನು ತೆಗೆದುಕೊಂಡರೆ ಹೆತ್ತವಳಿಗೆ ಹಾಲಿನ ಬೆಲೆಯೆಂದು ಮೂರು ವರ್ಷದ ಕುದುರೆ ಕೊಡಬೇಕು. ಇದು ಮಕ್ಕಳಿಗೂ ಗೊತ್ತು. ಕುದುರೆ ಕೈ ಬದಲಾಯಿಸಿದ ಮೇಲೆಯೇ ಹಲಗೆಯ ಮೇಲೆ ಬರೆದು, ದಾರ ಸುತ್ತಿ, ಜೇಡಿಯ ಮುದ್ರೆ ಒತ್ತುತ್ತಾರೆ. ಆಮೇಲೆ ಆ ಮಗು ಆ ಮನೆಯ ಹೊಟ್ಟೆಯಲ್ಲೇ ಹುಟ್ಟಿದ ಹಾಗೆ. ಅದನ್ನು ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ, ಪಾಲು ಇಲ್ಲ ಅನ್ನುವಂತಿಲ್ಲ. ಕುದುರೆ ಕೊಡದಿದ್ದರೆ ಎಷ್ಟೇ ಮುದ್ದು ಮಾಡಿ ಸಾಕಿದರೂ ಅದು ಮನೆಯ ತೊತ್ತೇ.

ಕುಂಗೇಯ ಜುಗ್ಗನಾಗಿದ್ದರೂ ಆ ದಿನ ಲಾಯಕ್ಕೆ ಬಂದು ಕೆಂಗಂದು ಬಣ್ಣದ ಹೆಣ್ಣುಕುದುರೆಯನ್ನು ತೋರಿಸಿದ. ಅದು ಹುಟ್ಟಿದಾಗ ಅದರ ಮೈ ಒರೆಸಿದವನು ನಾನು. ಅಂಥದ್ದು ಇಡೀ ಚಡೋತದಲ್ಲಿ ಇನ್ನೊಂದು ಇರಲಿಲ್ಲ. "ಕೊನುಮಾಯೆ ಬೇಡ ಅಂತಾಳೆ, ಅವಳ ಸ್ವಭಾವ ನಂಗೆ ಗೊತ್ತು. ಬೇಡ ಅಂದ್ರೂ ಅಂಗಳದಲ್ಲಿ ಕಟ್ಟಿ ಬಾ," ಎಂದ.

ನಾನು ಹೋದಾಗ ಅವಳು ಹೊಸ್ತಿಲ ಮೇಲೆ ಕೂತಿದ್ದಳು. ಅಂಗಿಯ ಮುಂಭಾಗ ಹಾಲಿನಿಂದ ಒದ್ದೆಯಾಗಿತ್ತು. ಕುದುರೆಯನ್ನು ನೋಡಿ ಎದ್ದು ನಿಂತಳು.

"ನನ್ನ ಹಾಲು ಮಾರಾಟಕ್ಕಿಟ್ಟಿಲ್ಲ ಅಂತ ಹೇಳು ನಿನ್ನ ಧಣಿಗೆ. ನಾನು ಸುಮ್ಮನೆ ಕೊಟ್ಟಿದ್ದೀನಿ. ಇದನ್ನ ವಾಪಸ್ ಹಿಡ್ಕೊಂಡು ಹೋಗು."

ಅಂಗಳದಲ್ಲಿ ಒಂದು ಹಿಪ್ಪುನೇರಳೆ ಮರವಿತ್ತು. ಹಗ್ಗ ಅದಕ್ಕೆ ಬಿಗಿದು ಬಂದಿದ್ದರೆ ಮುಗಿಯುತ್ತಿತ್ತು. ನಾನು ಅಂಗಳ ನೋಡಿದೆ. ಒಂದು ಹಿಡಿ ಹುಲ್ಲಿಲ್ಲ. ಇವಳು ಇದನ್ನು ಸಾಕುವುದು ಅಷ್ಟರಲ್ಲೇ ಇದೆ, ತಿಂಗಳೊಳಗೆ ಯಾವನೋ ವ್ಯಾಪಾರಿಗೆ ಮಾರುತ್ತಾಳೆ, ಅವನು ಇದರ ಬೆನ್ನ ಮೇಲೆ ಮೂಟೆ ಹೇರುತ್ತಾನೆ ಅನ್ನಿಸಿತು. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಯಿತು. ಕುದುರೆಯನ್ನು ತಿರುಗಿಸಿಕೊಂಡು ಹೊರಟೆ. ಕಲ್ಲು ಎತ್ತಿಕೊಂಡು ಅಟ್ಟಿದಳು ಎಂದು ಧಣಿಗೆ ಸುಳ್ಳು ಹೇಳಿದೆ. ತ್ಸಿನಾಯೆ ಅತ್ತಳು. ಕುಂಗೇಯ, ಇರಲಿ, ಬೇಸಗೆಗೆ ಇನ್ನೊಂದು ಸಲ ಕಳಿಸೋಣ, ಅಷ್ಟರಲ್ಲಿ ಅವಳ ಬಿಗುಮಾನ ಇಳಿದಿರುತ್ತದೆ ಎಂದ. ಬೇಸಗೆ ಬರುವಷ್ಟರಲ್ಲಿ ಕುದುರೆ ಗಬ್ಬವಾಗಿತ್ತು. ಜುಗ್ಗನಿಗೆ ಮರಿಯ ಆಸೆ ಹುಟ್ಟಿತು. ಆಮೇಲೆ ಮರೆತುಬಿಟ್ಟ.

ಮರೆಯುವುದಕ್ಕೆ ಕೊನುಮಾಯೆಯೂ ಸಹಾಯ ಮಾಡಿದಳು ಅನ್ನಬೇಕು. ಅವಳು ಆ ಕುದುರೆಯ ಕಥೆ ಹೇಳಲು ಶುರು ಮಾಡಿದಳು. ಊರಲ್ಲಿ ಯಾವ ಮದುವೆಯಾಗಲಿ, ಎರಡು ಬಟ್ಟಲು ಮದ್ಯ ಒಳಗಿಳಿದರೆ ಸಾಕು, ಕುಂಗೇಯ ಕುದುರೆ ಕಳಿಸಿದ್ದು, ತಾನು ತಿರುಗಿಸಿ ಕಳಿಸಿದ್ದು ಶುರುವಾಗುತ್ತಿತ್ತು. ವರ್ಷ ಕಳೆದ ಹಾಗೆ ಕುದುರೆ ದೊಡ್ಡದಾಗುತ್ತಾ ಹೋಯಿತು. ಒಂದು ಮದುವೆಯಲ್ಲಿ ಅದಕ್ಕೆ ಬೆಳ್ಳಿಯ ಕಡಿವಾಣ ಬಂತು, ಇನ್ನೊಂದರಲ್ಲಿ ಎರಡು ಕುದುರೆಯಾದವು. "ಏನವ್ವ, ಈ ಸಲ ಎಷ್ಟು ಕುದುರೆ ವಾಪಸ್ ಕಳಿಸ್ದೆ?" ಎಂದು ಹೆಂಗಸರು ಕೆಣಕುವರು. ಅವಳು ಕೋಪ ಮಾಡಿಕೊಳ್ಳುತ್ತಿರಲಿಲ್ಲ. "ನೀವೆಲ್ಲ ಕೈ ಚಾಚೋ ಜಾತಿ, ನಿಮಗೆಲ್ಲಿ ಗೊತ್ತಾಗ್ಬೇಕು," ಅನ್ನುತ್ತಿದ್ದಳು. ಕಂಬಳಿ ಬಡಿದು ಬಡಿದು ಬೆರಳ ಗಿಣ್ಣು ಊದಿಕೊಂಡವಳಿಗೆ ಹೆಮ್ಮೆ ಪಡಲು ಇದ್ದದ್ದು ಅದೊಂದೇ. ನಾನೂ ಕಡಿಮೆಯಿರಲಿಲ್ಲ. ಆ ಕುದುರೆ ಹಾಕಿದ ಮರಿಗಳನ್ನು, ಮರಿಗಳ ಮರಿಗಳನ್ನು ಊರೆಲ್ಲ ಮೆರೆಸಿ, ಇದು ಅದೇ ಕೆಂಗಂದುವಿನ ಸಂತಾನ ಎಂದು ಕೊಚ್ಚಿಕೊಳ್ಳುತ್ತಿದ್ದೆ.

ರಮಶ್ರೀ ದೊಡ್ಡಮನೆಯ ಮಗಳಾಗಿ ಬೆಳೆದಳು. ಹೆತ್ತವಳು ಯಾರೆಂದು ಅವಳಿಂದ ಯಾರೂ ಮುಚ್ಚಿಟ್ಟಿರಲಿಲ್ಲ. ತ್ಸಿನಾಯೆಯನ್ನು ಅಮ್ಮ ಎಂದು ಕರೆಯುತ್ತಿದ್ದಳು, ಕೊನುಮಾಯೆಯನ್ನು ಹಾಲವ್ವ ಎಂದು. ವಾರಕ್ಕೊಮ್ಮೆಯಾದರೂ ರೊಟ್ಟಿಯೋ ಒಣದ್ರಾಕ್ಷಿಯೋ ಸೆರಗಿನಲ್ಲಿ ಕಟ್ಟಿಕೊಂಡು ಹಾಲವ್ವನ ಮನೆಗೆ ಹೋಗಿ, ಅವಳ ತಲೆ ಬಾಚಿ ಬರುವಳು. ರತ್ನಗಂಬಳಿಗೆ ಗಂಟು ಹಾಕುವುದರಲ್ಲಿ ಎತ್ತಿದ ಕೈ. ಮಾತು ಕಡಿಮೆ, ಕೇಳಿದರೆ ನೇರ ಮಾತು. ಅದೊಂದು ಮಾತ್ರ ಹಾಲವ್ವನಿಂದ ಬಂದದ್ದು.

ಅವಳಿಗೆ ಹತ್ತೊಂಬತ್ತಾದ ವರ್ಷ ಊರಿಗೆ ಜ್ವರ ಬಂತು. ಒಂದೇ ತಿಂಗಳಲ್ಲಿ ಕುಂಗೇಯನೂ ತ್ಸಿನಾಯೆಯೂ ಹೋದರು. ಕುಂಗೇಯನ ತಮ್ಮನ ಮಗ ಸುಗುತ ಓಡಿ ಬಂದ. ಊರಿಗೆಲ್ಲ ಕೇಳುವ ಹಾಗೆ ಅತ್ತ. ಅಳು ಮುಗಿದ ಮೇಲೆ ಉಗ್ರಾಣದ ಬೀಗದ ಕೈ ಕೇಳಿದ. ಮಾರನೆಯ ದಿನ ರಮಶ್ರೀಯ ಹಾಸಿಗೆಯನ್ನು ಆಳುಗಳ ಕೋಣೆಗೆ ಹಾಕಿಸಿದ. ನೆಂಟರಿಗೆ ಜಾಗ ಬೇಕೇನೋ ಎಂದುಕೊಂಡು ಅವಳು ಏನೂ ಕೇಳಲಿಲ್ಲ. ಹತ್ತನೆಯ ದಿನ ಅವನು ಅಧಿಕಾರಿಯ ಬಳಿ ದೂರು ಕೊಟ್ಟ: ಈ ಹೆಣ್ಣಿಗೆ ಹಾಲಿನ ಕುದುರೆ ಕೊಟ್ಟಿಲ್ಲ, ಆದ್ದರಿಂದ ಇವಳು ಮಗಳಲ್ಲ, ಮನೆಯ ತೊತ್ತು, ಮನೆಯೂ ತೋಟವೂ ತನ್ನದು, ಇವಳೂ ತನ್ನವಳು. ಖೋಟಾನಿಗೆ ಹೊರಡುವ ಸಾರ್ಥದವನಿಗೆ ಇವಳನ್ನು ಮಾರುವ ಮಾತು ಆಗಲೇ ಆಗಿದೆ ಎಂದು ಲಾಯದಲ್ಲಿ ನನ್ನ ಕಿವಿಗೆ ಬಿತ್ತು. ಚೆನ್ನಾಗಿ ಗಂಟು ಹಾಕುವ ಕೈಗೆ ಅಲ್ಲಿ ಗಿರಾಕಿ ಜಾಸ್ತಿ.

ಅಧಿಕಾರಿಯ ಅಂಗಳದಲ್ಲಿ ವಿಚಾರಣೆ. ಬರೆಯುವವನು ನಮ್ಮ ವಿಹಾರದ ಭಿಕ್ಷು, ಬೋಳುತಲೆ, ಮನೆಯಲ್ಲಿ ಇಬ್ಬರು ಹೆಂಡಿರು, ನಾಲ್ಕು ಹಸು; ನಮ್ಮ ಕಡೆ ಭಿಕ್ಷುಗಳೂ ಸಂಸಾರಸ್ಥರೇ. ಮುದ್ರೆ ಒತ್ತಿದ ಹಲಗೆ ಇದೆಯೇ ಎಂದು ಅಧಿಕಾರಿ ಕೇಳಿದ. ಇರಲಿಲ್ಲ. ಸಾಕ್ಷಿ ಕರೆಸಿದರು. ಉಣ್ಣೆ ಬಡಿಯುವ ಹೆಂಗಸರು ಒಬ್ಬರ ಹಿಂದೆ ಒಬ್ಬರು ಬಂದು, ಕುದುರೆ ವಾಪಸ್ ಕಳಿಸಿದೆ ಅಂತ ಅವಳೇ ಹೇಳಿದ್ದಾಳೆ, ಇಂಥವರ ಮದುವೆಯಲ್ಲಿ, ಇಂಥ ವರ್ಷ ಎಂದರು. ಅವರದು ಸುಳ್ಳಲ್ಲ.

ನನ್ನ ಸರದಿ ಬಂತು. ಸುಳ್ಳು ಹೇಳಲು ಗಟ್ಟಿ ಮನಸ್ಸು ಮಾಡಿಕೊಂಡೇ ಬಂದಿದ್ದೆ. ಕುದುರೆಯನ್ನು ಅವಳ ಅಂಗಳದ ಮರಕ್ಕೆ ಕಟ್ಟಿ ಬಂದೆ ಎಂದೆ. ಸುಗುತ ನಕ್ಕ. ಹಾಗಾದರೆ ಮರುವರ್ಷ ನಮ್ಮ ದೊಡ್ಡಪ್ಪನ ಲಾಯದಲ್ಲಿ ಮರಿ ಹಾಕಿದ್ದು ಯಾವ ಕುದುರೆ, ಇಷ್ಟು ವರ್ಷ ಊರೆಲ್ಲ ನೀನು ಮೆರೆಸಿದ್ದು ಯಾರ ಸಂತಾನ ಎಂದು ಕೇಳಿದ. ಜನವೂ ನಕ್ಕಿತು. ಆಮೇಲೆ ನಿಜವನ್ನೇ ಕಕ್ಕಿದೆ: ಬೇಡ ಅಂದರೂ ಕಟ್ಟಿ ಬಾ ಎಂದಿದ್ದ ಧಣಿ, ಕಟ್ಟದೆ ಬಂದವನು ನಾನು, ತಪ್ಪು ನನ್ನದು, ಆ ಹುಡುಗಿಯದಲ್ಲ. ಅಧಿಕಾರಿ, ಕೊಡು ಅಂದದ್ದು ಕೊಟ್ಟಂತಾಗುವುದಿಲ್ಲ ಎಂದ. ಬೇಡ ಅಂದರೂ ಕಟ್ಟಿ ಬಾ ಎಂದಿದ್ದ ಧಣಿಯ ಮಾತನ್ನು ಕೊನುಮಾಯೆ ಮೊದಲ ಸಲ ಕೇಳಿದ್ದು ಅಲ್ಲೇ. ನನ್ನನ್ನು ಒಂದು ಸಲ ನೋಡಿದಳು. ಆ ನೋಟವನ್ನು ನಾನು ಸಾಯುವವರೆಗೂ ಹೊರಬೇಕು.

ಕೊನೆಗೆ ಅವಳನ್ನು ಕೇಳಿದರು. ಅವಳು ಮುಂದೆ ಬಂದು, ಎಂದೂ ಇಲ್ಲದ ಸಣ್ಣ ದನಿಯಲ್ಲಿ ಹೇಳಿದಳು:

"ತಗೊಂಡಿದ್ದೆ, ಸ್ವಾಮಿ. ತಗೊಂಡು ಮಾರ್ಕೊಂಡು ತಿಂದೆ. ಮದುವೆ ಮನೇಲಿ ಆಡಿದ್ದೆಲ್ಲ ಬರೀ ಜಂಬ."

ಒಬ್ಬರೂ ನಂಬಲಿಲ್ಲ. ಹತ್ತೊಂಬತ್ತು ವರ್ಷ ಕೂಗಿ ಹೇಳಿದ್ದನ್ನು ಒಂದು ಗಳಿಗೆಯಲ್ಲಿ ನುಂಗುವುದು ಯಾರಿಗೆ ತಾನೇ ಆಗುತ್ತದೆ? ಹಾಗಾದರೆ ನನ್ನ ಮಗಳನ್ನು ನನಗೇ ಕೊಡಿ ಎಂದಳು. ಅದಕ್ಕೂ ಸುಗುತನ ಬಳಿ ಉತ್ತರವಿತ್ತು. ಬೆಲೆಯಿಲ್ಲದೆ ಸುಮ್ಮನೆ ಕೊಟ್ಟೆ ಎಂದು ಇವಳೇ ಹೇಳಿದ್ದಾಳಲ್ಲ, ಸುಮ್ಮನೆ ಕೊಟ್ಟದ್ದು ಕೊಟ್ಟವರದ್ದಲ್ಲ ಎಂದ. ಅಧಿಕಾರಿ ಕೆಟ್ಟವನೇನಲ್ಲ. ಆ ಮನೆಯವರು ಈಗಲಾದರೂ ಹೆತ್ತವಳ ಕೈಗೆ ಕುದುರೆ ಕೊಟ್ಟರೆ ಹಲಗೆ ಬರೆಸಿ ಮುದ್ರೆ ಒತ್ತುತ್ತೇನೆ, ಅಲ್ಲಿಯವರೆಗೆ ಇವಳು ಮನೆಯ ತೊತ್ತು ಎಂದು ಹೇಳಿ ಎದ್ದುಹೋದ. ರಮಶ್ರೀ ಮೂಲೆಯಲ್ಲಿ ನಿಂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಕೊನುಮಾಯೆ ಸುಗುತನ ಕಾಲಿಗೆ ಬಿದ್ದಳು. ಸುತ್ತ ಜನ ಇದ್ದರಲ್ಲ, ಅವನು ಮೆತ್ತಗೆ ಮಾತಾಡಿದ. ಕೊಡಬಾರದು ಅಂತೇನಿಲ್ಲ, ಆದರೆ ಲಾಯದ ಕುದುರೆಗಳೆಲ್ಲ ಸಾರ್ಥದವನಿಗೆ ಮಾತಾಗಿವೆ, ಕೊಡೋದಕ್ಕೆ ನನ್ನ ಹತ್ತಿರ ಕುದುರೆಯೇ ಇಲ್ಲ ಎಂದ. ಹಾಗಾದರೆ ಕುದುರೆ ನಾನೇ ತರುತ್ತೇನೆ, ನೀನು ಅದನ್ನು ನನ್ನ ಕೈಗೆ ಕೊಡು, ಸಾಕು ಎಂದಳು ಅವಳು. ತಾ, ನೋಡೋಣ ಎಂದ ಸುಗುತ.

ಸಾರ್ಥ ಹೊರಡಲು ಒಂಬತ್ತು ದಿನವಿತ್ತು. ಕ್ರೋರೈನದಲ್ಲಿರುವ ರಾಜನಿಗೆ ದೂರು ಒಯ್ಯಲು ಹೋಗಿ ಬರುವುದೇ ತಿಂಗಳ ಮಾತು. ಅವಳು ಆರು ಸಾಲು ಬಳ್ಳಿಯನ್ನೂ ಮಾರಿದಳು, ಗೊನೆ ಹಣ್ಣಾಗಿದ್ದ ಬಳ್ಳಿ. ಮಾರಿ ನೇರ ನನ್ನ ಗುಡಿಸಲಿಗೆ ಬಂದಳು. ಬೈಯುತ್ತಾಳೆ, ಉಗಿಯುತ್ತಾಳೆ ಎಂದುಕೊಂಡೆ.

"ಏಳಯ್ಯ ಚಿಮೋಲ, ಕುದುರೆ ಆರಿಸಿಕೊಡು. ಮೂರು ವರ್ಷದ್ದೇ ಆಗ್ಬೇಕು, ಹಲ್ಲು ಎಣಿಸಿ ನೋಡು. ಆಮೇಲೆ ಇದು ಸಣ್ಣದು, ಅದು ಕುಂಟು ಅಂತ ಯಾರೂ ಅನ್ನಬಾರದು."

ಮೂರು ಊರು ಸುತ್ತಿ ಒಂದು ಕಪ್ಪು ಹೆಣ್ಣುಕುದುರೆ ಹಿಡಿದೆವು. ಕಾಲು ಗಟ್ಟಿ, ಕಣ್ಣು ಶುದ್ಧ. ದಾರಿಯುದ್ದಕ್ಕೂ ನಾನು ಅವಳಿಗೆ, ಮೊದಲು ಹಲಗೆ ಬರೆಸು, ಆಮೇಲೆ ಹಗ್ಗ ಬಿಡು ಎಂದು ಹೇಳಿದೆ. ಕುದುರೆ ಕೈ ಬದಲಾಗುವುದನ್ನು ಕಾಣದೆ ಬರೆಯಲಾಗದು ಎಂದಿದ್ದಾನೆ ಭಿಕ್ಷು ಎಂದಳು. ಬಹಳ ದಿನದ ಮೇಲೆ ಅವಳ ಮುಖದಲ್ಲಿ ಗೆಲುವಿತ್ತು. ಕುದುರೆಯ ಕುತ್ತಿಗೆ ತಟ್ಟಿ, ತಾನು ವಾಪಸ್ ಕಳಿಸಿದ್ದು ಇದಕ್ಕಿಂತ ಎತ್ತರ ಇತ್ತಲ್ಲವೇ ಎಂದು ಕೇಳಿದಳು. ಇತ್ತು ಎಂದೆ.

ದೊಡ್ಡಮನೆಯ ಬಾಗಿಲಲ್ಲಿ ಊರೇ ನೆರೆದಿತ್ತು. ಭಿಕ್ಷು ಹಲಗೆ, ಲೇಖನಿ ಹಿಡಿದು ಕಟ್ಟೆಯ ಮೇಲೆ ಕೂತಿದ್ದ. ಕೊನುಮಾಯೆ ಹಗ್ಗವನ್ನು ಸುಗುತನ ಕೈಗೆ ಕೊಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಅದನ್ನು ತಿರುಗಿ ಇಸಿದುಕೊಳ್ಳಲು ಬಲಗೈ ಚಾಚಿ ನಿಂತಳು. ಸುಗುತ ಕುದುರೆಯ ಬಾಯಿ ತೆರೆದು ಹಲ್ಲು ನೋಡಿದ. ಬೆನ್ನ ಮೇಲೆ ಕೈಯಾಡಿಸಿದ. ಏನು ಬರೆಯಲಿ ಎಂದು ಭಿಕ್ಷು ಕೇಳಿದ.

"ಬರ್ಕೊಳ್ಳಿ. ಕೊನುಮಾಯೆ ಒಂದು ಕುದುರೆ ಕೊಟ್ಟಳು. ಸುಮ್ಮನೆ." ಸುಗುತ ಜನರ ಕಡೆ ತಿರುಗಿದ. "ಸುಮ್ಮನೆ ಕೊಡೋದು ಇವಳಿಗೆ ಹಳೇ ಅಭ್ಯಾಸ. ನಿಮಗೆಲ್ಲ ಗೊತ್ತಲ್ಲ."

ಹಗ್ಗ ಎಳೆದುಕೊಂಡು ಒಳಗೆ ಹೋದ. ಒಬ್ಬಿಬ್ಬರು ನಕ್ಕರು, ಉಳಿದವರು ನೆಲ ನೋಡಿದರು. ನಾನು ಬಾಯಿಗೆ ಬಂದ ಹಾಗೆ ಬೈದೆ, ಅವನ ಆಳುಗಳು ನನ್ನನ್ನು ಹಿಡಿದು ಕಾಲುವೆಗೆ ದೂಡಿದರು. ಎದ್ದು ಬಂದು ನೋಡಿದರೆ ಜನ ಕರಗಿತ್ತು. ಕೊನುಮಾಯೆ ಅಲ್ಲೇ ಇದ್ದಳು, ಕೈ ಚಾಚಿಕೊಂಡೇ. ನಾನೇ ಆ ಕೈ ಹಿಡಿದು ಕೆಳಗಿಳಿಸಿ ಮನೆಗೆ ಕರೆದುಕೊಂಡು ಹೋದೆ. ಅಧಿಕಾರಿಯ ಬಳಿಗೆ ಹೋಗಿ ಗೋಗರೆದೆ. ಅವನು, ಹತ್ತು ಜನರೆದುರು ತನ್ನ ಕೈಯಾರೆ ಕೊಟ್ಟಿದ್ದಾಳೆ, ನಾನೇನು ಮಾಡಲಿ ಎಂದ. ಭಿಕ್ಷು ಮಾತ್ರ ಆ ಹಲಗೆಯನ್ನು ಬರೆಯದೆ ಒಲೆಗೆ ಹಾಕಿದನಂತೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಆಮೇಲೆ ಕೊನುಮಾಯೆ ಏಳು ವರ್ಷ ಬದುಕಿದಳು. ತಾನು ಮಾರಿದ ಬಳ್ಳಿಗಳಲ್ಲೇ ಕೂಲಿಗೆ ಗೊನೆ ಕೊಯ್ದಳು. ಮದುವೆಗೆ ಕರೆದರೆ ಹೋಗುತ್ತಿದ್ದಳು, ಉಂಡು ಎದ್ದು ಬರುತ್ತಿದ್ದಳು. ಕೊನೆಯ ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಹೋದಳು. ಮಣ್ಣು ಮಾಡುವಾಗ ಇದ್ದದ್ದು ನಾನು, ಇನ್ನಿಬ್ಬರು. ಈ ಏಳು ವರ್ಷದಲ್ಲಿ ನಾವಿಬ್ಬರೂ ದಿನಾ ಮಾತಾಡಿದ್ದೇವೆ, ಆದರೆ ಸಾರ್ಥ ಹೊರಟ ಬೆಳಿಗ್ಗೆಯ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ.

ಆ ಬೆಳಿಗ್ಗೆ ಮರಳು ಶುರುವಾಗುವ ತನಕ ನಾವಿಬ್ಬರೂ ಒಂಟೆಗಳ ಜೊತೆ ನಡೆದೆವು. ರಮಶ್ರೀಯ ಕೈ ಕಟ್ಟಿರಲಿಲ್ಲ, ಓಡಿದರೆ ಹೋಗುವುದೆಲ್ಲಿಗೆ ಎಂದು. ಕೊನುಮಾಯೆ ತಾನು ಮಾಡಿದ ಹೊಸ ಕಂಬಳಿಯನ್ನು ಅವಳಿಗೆ ಹೊದಿಸಿ, ಖೋಟಾನಿನಲ್ಲಿ ಚಳಿ ಜಾಸ್ತಿ, ತಲೆ ಮುಚ್ಚಿಕೋ, ಕಂಡವರು ಕೊಟ್ಟದ್ದು ತಿನ್ನಬೇಡ ಎಂದು ಏನೇನೋ ಹೇಳುತ್ತಿದ್ದಳು. ಸಾರ್ಥದ ಆಳುಗಳು ಒಂಟೆಗಳಿಗೆ ಕೊನೆಯ ಸಲ ನೀರು ಕುಡಿಸಲು ನಿಲ್ಲಿಸಿದರು. ರಮಶ್ರೀ ಹಾಲವ್ವನ ಮಾತನ್ನು ಅರ್ಧಕ್ಕೆ ತಡೆದಳು.

"ಒಂದು ಕೇಳ್ತೀನಿ, ನಿಜ ಹೇಳು. ಆವತ್ತು ಆ ಕುದುರೆ ತಗೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಮದುವೆಮನೆಯ ಉತ್ತರ ಬರುತ್ತದೆ ಎಂದುಕೊಂಡೆ. ಕೊನುಮಾಯೆ ಕಂಬಳಿಯ ಅಂಚನ್ನು ತಿದ್ದುತ್ತಲೇ ಇದ್ದಳು.

"ತಗೊಂಡಿದ್ರೆ ನೀನು ಪೂರ್ತಿ ಅವಳ ಮಗಳಾಗಿಬಿಡ್ತಿದ್ದೆ," ಎಂದಳು. "ನಂಗೆ ಅದು ಬೇಡವಾಗಿತ್ತು. ಒಂಚೂರಾದ್ರೂ ನನಗೆ ಉಳೀಲಿ ಅಂತ."

ರಮಶ್ರೀ ಅವಳ ಮುಖವನ್ನೇ ನೋಡುತ್ತಾ ನಿಂತಳು. ಆಮೇಲೆ ಕಂಬಳಿ ಹೊದ್ದುಕೊಂಡು ಒಂಟೆಗಳ ಕಡೆ ನಡೆದಳು. ಕೊನುಮಾಯೆ ಹಿಂದೆ ಹೋಗಲಿಲ್ಲ.